ಅಬ್ಸರ್ವ್ ಮಾಡಿದ್ದೇವೆ ಮೇಡಮ್, ಸಹಿ ಹಾಕಿ

ಯುನಿಟ್ ಚೀಫ್ ಮೇಡಮ್ ಅವರ ಸನ್ನಿಧಾನಕ್ಕೆ,

ಹೆರಿಗೆ ವಾರ್ಡಿನ ಪೋಸ್ಟಿಂಗ್ ಮುಗಿಸಿದ ಎರಡನೇ ವರ್ಷದ ಎಂಬಿಬಿಎಸ್ ವಿದ್ಯಾರ್ಥಿನಿಯ ವಿಜ್ಞಾಪನೆ. ಇವತ್ತು ಬೆಳಗ್ಗೆ 9ರಿಂದ ಮಧ್ಯಾಹ್ನ 3ರ ತನಕ ಲಾಗ್‌ಬುಕ್ ಹಿಡಿದು ನಿಮ್ಮ ಕೊಠಡಿಯ ಹೊರಗೆ ನಿಂತಿದ್ದೆ. ಬೆಂಚೇನೋ ಇದೆ, ಆದರೆ ಅದರ ಮೇಲೆ ಹಳೇ ಕೇಸ್ ಶೀಟುಗಳು ನನಗಿಂತ ಮೊದಲೇ ಬಂದು ಕೂತಿವೆ. ತಾವು ಮೇಲಿನ ಸಭಾಂಗಣದಲ್ಲಿ ‘ಗೌರವಯುತ ಹೆರಿಗೆ ಆರೈಕೆ’ ಕಾರ್ಯಾಗಾರದ ದೀಪ ಬೆಳಗಲು ಹೋಗಿದ್ದಿರಂತೆ. ಒಂದು ದೀಪ ಬೆಳಗಲು ಆರು ಗಂಟೆ ಹಿಡಿಯುತ್ತದೆ ಎಂಬುದು ನನಗೆ ಹೊಸ ವಿಷಯ; ಅದನ್ನೂ ಅಬ್ಸರ್ವ್ ಮಾಡಿದೆ. ಮೂರು ಗಂಟೆಗೆ ಅಟೆಂಡರ್ ಬಂದು, “ಮೇಡಮ್ ಆ ಕಡಿಂದನ ಮನೀಗ್ ಹೋದ್ರು ನೋಡ್ರಿ” ಅಂದ. ಅದಕ್ಕೇ ಈ ಪತ್ರ.

ನಮ್ಮ ಲಾಗ್‌ಬುಕ್ ತಮಗೆ ಗೊತ್ತೇ ಇದೆ. ಪ್ರತಿಯೊಂದು ಕೆಲಸದ ಮುಂದೆಯೂ ಒಂದು ಖಾನೆ: ಅಬ್ಸರ್ವ್ಡ್, ಅಸಿಸ್ಟೆಡ್, ಪರ್ಫಾರ್ಮ್ಡ್. ಎರಡನೇ ವರ್ಷದವರ ಪಾಲಿಗೆ ಬರುವುದು ಹೆಚ್ಚಾಗಿ ಮೊದಲನೆಯದೇ. ಗೋಡೆಗೆ ಒರಗಿ ನಿಲ್ಲು, ಏನನ್ನೂ ಮುಟ್ಟಬೇಡ, ಅಬ್ಸರ್ವ್ ಮಾಡು. ಮಾಡಿದ್ದೇವೆ ಮೇಡಮ್. ಆದರೆ ನಾವು ಅಬ್ಸರ್ವ್ ಮಾಡಿದ್ದಕ್ಕೂ ಲಾಗ್‌ಬುಕ್ಕಿನಲ್ಲಿ ಅಚ್ಚಾಗಿರುವುದಕ್ಕೂ ತಾಳೆಯಾಗುತ್ತಿಲ್ಲ. ಬಿಟ್ಟುಹೋದ ಖಾನೆಗಳನ್ನು ಇಲ್ಲಿ ತುಂಬುತ್ತಿದ್ದೇನೆ, ಸಹಿ ಹಾಕಬೇಕು.

ಮೊದಲ ಸಿಸೇರಿಯನ್ ನೋಡುವಾಗ ನಮ್ಮ ಬ್ಯಾಚಿನ ಹುಡುಗನೊಬ್ಬ ತಲೆಸುತ್ತಿ ಬಿದ್ದ. ಯಾರೋ “ಒಂದು ವಿಕೆಟ್ ಹೋಯ್ತು” ಅಂದರು, ಎಲ್ಲರೂ ನಕ್ಕರು. ಅದಿರಲಿ, ನಾನೂ ನಕ್ಕೆ. ಇನ್ನೊಬ್ಬಳಿಗೆ ರಕ್ತ ತೆಗೆದ ಸೂಜಿ ಚುಚ್ಚಿತು. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರುಮಾಡಬೇಕು, ಎರಡು ಗಂಟೆಯೊಳಗಾದರೆ ಇನ್ನೂ ಒಳ್ಳೆಯದು ಎಂದು ಪಾಠ ಮಾಡಿದವರೇ “ಸೋಪು ಹಾಕಿ ತೊಳ್ಕೋ, ಏನಾಗಲ್ಲ” ಅಂದರು. ಮಾತ್ರೆ ಇಟ್ಟಿದ್ದ ಬೀರುವಿನ ಕೀಲಿಕೈ ನೈಟ್ ಡ್ಯೂಟಿ ಸಿಸ್ಟರ್ ಜೊತೆ ಅವರ ಮನೆಗೆ ಹೋಗಿತ್ತು. “ಆ ರೆಟ್ರೋ ಕೇಸಿಗೆ ಊಟ ಕೊಟ್ರೇನು?” ಎಂಬ ಕೂಗು ವಾರ್ಡಿನ ಈ ತುದಿಯಿಂದ ಆ ತುದಿಗೆ ಹೋಗುವುದನ್ನೂ ಕೇಳಿದ್ದೇವೆ. ಒಬ್ಬರ ಎಚ್‌ಐವಿ ಸ್ಥಿತಿಯನ್ನು ಹೀಗೆ ಊರಿಗೆ ಸಾರುವಂತಿಲ್ಲ ಎಂದು 2017ರ ಕಾಯ್ದೆ ಇದೆ. ಪರೀಕ್ಷೆಯಲ್ಲಿ ಬರೆದರೆ ಅಂಕವೂ ಸಿಗುತ್ತದೆ.

ಇಷ್ಟಕ್ಕೆ ನಾನು ಪತ್ರ ಬರೆಯುತ್ತಿರಲಿಲ್ಲ. ಲೇಬರ್ ರೂಮಿನದು ಬೇರೆ.

ಅಲ್ಲಿ ಟೇಬಲ್‌ಗಳ ಮೇಲೆ ಹೆಂಗಸರು ಸಾಲಾಗಿ ಮಲಗಿರುತ್ತಾರೆ. ಟೇಬಲ್ ಟೇಬಲ್‌ಗಳ ನಡುವೆ ಪರದೆಯ ಕಂಬಿ ಇದೆ, ಕಂಬಿಗೆ ಕೊಂಡಿಗಳೂ ಇವೆ, ಪರದೆ ಇಲ್ಲ. ಒಬ್ಬಳು ಹೆರುವುದನ್ನು ಪಕ್ಕದವಳು ನೋಡುತ್ತಾಳೆ, ಅವಳು ಹೆರುವುದನ್ನು ಆಚೆಯವಳು. ಅವರೂ ಅಬ್ಸರ್ವ್ಡ್ ಎಂದು ಬರೆದುಕೊಳ್ಳಬಹುದು. ಬಾಗಿಲಲ್ಲಿ ತಾಯಿಯೋ ಅತ್ತೆಯೋ ನಿಂತು ಒಳಗೆ ಬಿಡಿ ಎಂದು ಬೇಡಿಕೊಳ್ಳುತ್ತಿರುತ್ತಾರೆ. ಹೆರಿಗೆಯ ಹೊತ್ತಿಗೆ ಜೊತೆಗೊಬ್ಬ ಹೆಂಗಸು ಇರಬಹುದು ಎಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆಯಲ್ಲ ಎಂದು ಆಯಾ ಹತ್ತಿರ ಕೇಳಿದೆ. “ಒಳಗ ಬ್ಯಾರೆ ಹೆಣ್ಮಕ್ಕಳ ಮಾನ ಐತಿ, ಹೆಂಗ ಬಿಡೂದ್ರಿ?” ಅಂದಳು. ನಿಜ. ಆ ಮಾನವನ್ನು ನಾವು ಹನ್ನೆರಡು ಜನ, ಅದರಲ್ಲಿ ಏಳು ಹುಡುಗರು, ಟೇಬಲ್ಲಿನ ಕಾಲ ಬಳಿ ನಿಂತು ಕಾಪಾಡುತ್ತಿದ್ದೆವು.

ಅವತ್ತು ಮೊದಲ ಹೆರಿಗೆಗೆ ಬಂದವಳೊಬ್ಬಳಿದ್ದಳು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಪಿಜಿ ಡಾಕ್ಟರು ಒಳಪರೀಕ್ಷೆ ಮಾಡಿ, “ಐದು ಸೆಂಟಿಮೀಟರ್ ಆಗಿದೆ, ಒಳ್ಳೇ ಫೈಂಡಿಂಗು, ಎಲ್ರೂ ಒಂದೊಂದ್ಸಲ ನೋಡ್ಬಿಡಿ” ಅಂದರು. ಗ್ಲೌಸ್ ಪೆಟ್ಟಿಗೆ ಕೈಯಿಂದ ಕೈಗೆ ಬಂತು. ಅಬ್ಸರ್ವ್ಡ್‌ನಿಂದ ಪರ್ಫಾರ್ಮ್ಡ್‌ಗೆ ಬಡ್ತಿ ಇಷ್ಟು ಸಲೀಸು ಎಂದು ಯಾರೂ ಹೇಳಿರಲಿಲ್ಲ. ಅವಳನ್ನು ಯಾರೂ ಕೇಳಲಿಲ್ಲ. ಅವಳ ಹೆಸರನ್ನೂ ಕೇಳಲಿಲ್ಲ, ಕೇಸ್ ಶೀಟಿನಲ್ಲಿತ್ತಲ್ಲ. ಒಬ್ಬ, ಇನ್ನೊಬ್ಬಳು, ಮತ್ತೊಬ್ಬ. ನಾಲ್ಕನೆಯವನ ಹೊತ್ತಿಗೆ ಅವಳು ಗೋಡೆಯ ಕಡೆಗಿದ್ದ ಮುಖವನ್ನು ನನ್ನ ಕಡೆ ತಿರುಗಿಸಿ ಕೇಳಿದಳು: “ಅಕ್ಕಾರ, ಇನ್ನೂ ಎಷ್ಟು ಮಂದಿ ಅದೀರಿ?”

ಈ ಪ್ರಶ್ನೆಗೆ ಉತ್ತರ ಯಾವ ಪಠ್ಯದಲ್ಲಿದೆ ಮೇಡಮ್? ತೊಂದರೆಯಿಲ್ಲದ ಹೆರಿಗೆಯಲ್ಲಿ ನಾಲ್ಕು ಗಂಟೆಗೊಮ್ಮೆ ಒಳಪರೀಕ್ಷೆ ಮಾಡಿದರೆ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ನಮ್ಮಲ್ಲಿ ಅರ್ಧ ಗಂಟೆಗೆ ನಾಲ್ವರು. ಹಳೇ ಕಾಲದ ವಿಯೆನ್ನಾ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು, ಒಂದರಲ್ಲಿ ನಮ್ಮಂಥ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ವಿದ್ಯಾರ್ಥಿಗಳು ಹೆಣ ಕೊಯ್ದ ಕೈಯಲ್ಲೇ ಬಂದು ಪರೀಕ್ಷೆ ಮಾಡುತ್ತಿದ್ದರು, ಬಾಣಂತಿಯರು ನಂಜೇರಿ ಸಾಯುತ್ತಿದ್ದರು. ಆ ವಿಭಾಗಕ್ಕೆ ಮಾತ್ರ ಹಾಕಬೇಡಿ ಎಂದು ಬಸುರಿಯರು ಗೋಗರೆಯುತ್ತಿದ್ದರಂತೆ. 1847ರಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ ಕ್ಲೋರಿನ್ ಬೆರೆತ ಸುಣ್ಣದ ನೀರಲ್ಲಿ ಕೈ ತೊಳೆಸಿದ ಮೇಲೆ ಸಾವು ಇಳಿಯಿತು. ಈಗ ಕೈ ತೊಳೆಯುತ್ತೇವೆ, ಗ್ಲೌಸ್ ಹಾಕುತ್ತೇವೆ, ನಿಜ. ಗೋಗರೆಯುವುದು ಮಾತ್ರ ನಿಂತಿಲ್ಲ.

ನನ್ನದು ಪಾವಗಡದ ಕಡೆ. ಸೂಲಗಿತ್ತಿ ನರಸಮ್ಮನವರ ತಾಲ್ಲೂಕು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, 2018ರಲ್ಲಿ ಪದ್ಮಶ್ರೀ ಬಂತು. ಅವರ ಹತ್ತಿರ ಲಾಗ್‌ಬುಕ್ ಇರಲಿಲ್ಲ, ಪಾಪ, ಎಷ್ಟು ಸಹಿ ತಪ್ಪಿಹೋದವೋ. ಹಾಗಂತ ಮನೆ ಹೆರಿಗೆಗೆ ವಾಪಸ್ ಹೋಗೋಣ ಎಂದು ನಾನು ಹೇಳುತ್ತಿಲ್ಲ. ರಕ್ತಸ್ರಾವ ಶುರುವಾದರೆ ಆಸ್ಪತ್ರೆಯೇ ಬೇಕು, ನಮ್ಮ ಪಿಜಿಗಳು ನಿದ್ದೆಗೆಟ್ಟು ಉಳಿಸಿದ ಜೀವಗಳನ್ನೂ ಕಣ್ಣಾರೆ ಕಂಡಿದ್ದೇನೆ. ಇಡೀ ಲೇಬರ್ ರೂಮಿಗೆ ಇಬ್ಬರೇ ಸಿಸ್ಟರ್. ಎಲ್ಲ ಗೊತ್ತು. ಆದರೆ ‘ಏನಮ್ಮಾ, ಪರೀಕ್ಷೆ ಮಾಡಲಾ?’ ಎಂದು ಕೇಳಲು ಹೆಚ್ಚುವರಿ ಹುದ್ದೆ ಮಂಜೂರಾಗಬೇಕೆ?

2019ರಿಂದ ನಮಗೆ ಏಟ್‌ಕಾಮ್ ಎಂಬ ಪಾಠವಿದೆ. ವರ್ತನೆ, ನೈತಿಕತೆ, ಸಂವಹನ. ಗೆಳತಿಯೊಬ್ಬಳು ದುಪಟ್ಟಾ ಹೊದ್ದು ರೋಗಿಯಾದಳು, ಇನ್ನೊಬ್ಬಳು ಡಾಕ್ಟರಾಗಿ “ನಿಮ್ಮ ಒಪ್ಪಿಗೆ ಇದೆಯೇ ಅಮ್ಮಾ?” ಅಂದಳು, ಎಲ್ಲರೂ ಚಪ್ಪಾಳೆ ತಟ್ಟಿದೆವು. ಅದೇ ವಾರ ಲೇಬರ್ ರೂಮಿನಲ್ಲಿ ಅಂಥದೇ ಸದ್ದು ಕೇಳಿಸಿತು. ಮುಕ್ಕಲಾರದೆ ಕಾಲು ಮಡಚಿಕೊಂಡವಳ ತೊಡೆಯ ಮೇಲೆ ರಪ್ಪನೆ ಬಿದ್ದದ್ದು. ಅಬ್ಸರ್ವ್ಡ್.

ಆ ತಲೆಸುತ್ತಿ ಬಿದ್ದ ಹುಡುಗನ ವಿಷಯ ಪೂರ್ತಿ ಹೇಳಬೇಕು. ಅವನು ರಾಜಸ್ಥಾನದವನು. ಬಲು ಸಾಧು, ಹಾಸ್ಟೆಲ್ ಬೆಕ್ಕಿಗೆ ಮೆಸ್ಸಿನ ಹಾಲು ಕದ್ದು ಹಾಕುವವನು. ಫೌಂಡೇಶನ್ ಕೋರ್ಸಿನಲ್ಲಿ ಅವನಿಗೆ ಕನ್ನಡ ಕಲಿಸಿದ್ದರು: ನಿಮ್ಮ ಹೆಸರೇನು, ಎಲ್ಲಿ ನೋವು, ಎಷ್ಟು ದಿನದಿಂದ. ಒಂದೂ ತಲೆಗೆ ಹತ್ತಿರಲಿಲ್ಲ. ಲೇಬರ್ ರೂಮಿನಲ್ಲಿ ವಾರದೊಳಗೆ ಕಲಿತ. ಮೊದಲು “ಮುಕ್ಕು”. ಆಮೇಲೆ “ಬಾಯಿ ಮುಚ್ಚು”. ಪೋಸ್ಟಿಂಗಿನ ಕೊನೆಯಲ್ಲಿ ಒಬ್ಬಳು ಯವ್ವಾ ಎಂದು ಚೀರಿದಾಗ ನಮ್ಮ ಸಾಧು ಹುಡುಗ ಒಂದು ತಪ್ಪೂ ಇಲ್ಲದ ಇಡೀ ಕನ್ನಡ ವಾಕ್ಯ ಆಡಿದ: “ಗಂಡನ ಹತ್ರ ಹೋಗುವಾಗ ಹಿಂಗ್ ಕೂಗಿದ್ಯೇನು?”

ಪಿಜಿಗಳು ನಕ್ಕರು. ಸಿಸ್ಟರ್ ಒಬ್ಬರು “ಕನ್ನಡ ಬಂತಲ್ಲಪ್ಪಾ ನಿಂಗೆ” ಎಂದು ಬೆನ್ನು ತಟ್ಟಿದರು. ಆ ಮಾತನ್ನು ಅವನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ, ಅವನ ಊರಿನಿಂದ ತಂದದ್ದೂ ಅಲ್ಲ. ಗೋಡೆಗೆ ಒರಗಿ ನಿಂತು, ಏನನ್ನೂ ಮುಟ್ಟದೆ, ನೀವು ಹೇಳಿದಂತೆಯೇ ಅಬ್ಸರ್ವ್ ಮಾಡಿ ಕಲಿತದ್ದು. ಅವನ ಲಾಗ್‌ಬುಕ್ಕಿಗೆ ಸಹಿಯಾಗಿದೆ ಮೇಡಮ್. ‘ಗುಡ್’ ಎಂದೂ ಬರೆದಿದ್ದೀರಿ.

ಸಿಟ್ಟು ಬರುತ್ತಿದೆ, ವಿನಯ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಪರದೆಯ ವಿಷಯಕ್ಕೆ ಬರುತ್ತೇನೆ. ಪರದೆ ಇಲ್ಲ ಅಂದೆನಲ್ಲ, ಅದು ಪೂರ್ತಿ ಸರಿಯಲ್ಲ. ಪರದೆ ಇದೆ. ಒಳ್ಳೆಯ ಹಸಿರು ಬಟ್ಟೆ, ಒಗೆದು ಮಡಚಿ ಗಂಟು ಕಟ್ಟಿ ಸ್ಟೋರಿನ ಅಟ್ಟದ ಮೇಲಿದೆ, ಆಯಾ ತೋರಿಸಿದಳು. ಲೇಬರ್ ರೂಮಿನ ಗುಣಮಟ್ಟ ನೋಡುವ ‘ಲಕ್ಷ್ಯ’ ಯೋಜನೆಯ ತಪಾಸಣೆಯವರು ಬರುವ ಹಿಂದಿನ ರಾತ್ರಿ ಕೆಳಗಿಳಿಯುತ್ತದಂತೆ, ಅವರು ಜೀಪು ಹತ್ತಿದ ಮೇಲೆ ಅಟ್ಟಕ್ಕೆ ಹೋಗುತ್ತದಂತೆ. “ದಿನಾ ಹಾಕಿದ್ರ ರಕ್ತ ಹತ್ತತೈತ್ರಿ, ಒಗಿಯಾವ್ರು ಯಾರು?” ಹೌದಲ್ಲ, ಬಟ್ಟೆಗೆ ಕಲೆಯಾಗಬಾರದು. ಹೆಂಗಸರು ಹೇಗಿದ್ದರೂ ನಡೆಯುತ್ತದೆ, ಪರದೆಗೆ ಮರ್ಯಾದೆ ಇರಲಿ!

ಸ್ಟೋರಿನಿಂದ ಸಾಮಾನು ಇಳಿಸಲು ಇಂಡೆಂಟ್ ಬೇಕೆಂದು ತಿಳಿಯಿತು. ಬರೆದು ಇದರ ಜೊತೆ ಲಗತ್ತಿಸಿದ್ದೇನೆ, ಕೆಳಗೆ ತಮ್ಮ ಸಹಿಗೆ ಜಾಗ ಬಿಟ್ಟಿದ್ದೇನೆ. ‘ಕಾರಣ’ ಎಂಬಲ್ಲಿ ‘ತಪಾಸಣೆ’ ಎಂದೇ ಹಾಕಿದ್ದೇನೆ, ಹಾಗೆ ಹಾಕಿದರೆ ಬೇಗ ಸಿಗುತ್ತದಂತೆ.

ಇತಿ,
ಬಿ ಬ್ಯಾಚಿನ ಒಬ್ಬಳು

ತಾ.ಕ.: ಬರೆದವಳು ಯಾರೆಂದು ಪತ್ತೆಹಚ್ಚಿ ಇಂಟರ್ನಲ್ಸ್‌ನಲ್ಲಿ ನೋಡಿಕೊಳ್ಳುವ ಯೋಚನೆಯಿದ್ದರೆ, ನಮ್ಮ ಬ್ಯಾಚಿನಲ್ಲಿ ಹುಡುಗಿಯರು ಐವರಿದ್ದೇವೆ. ಐವರೂ ಇದನ್ನು ಓದಿ, ನಮನಮಗೆ ಕಂಡದ್ದನ್ನು ಸೇರಿಸಿದ್ದೇವೆ. ಪಾವಗಡದವಳು ಎಂದದ್ದು ಸುಳ್ಳೂ ಇರಬಹುದು.