ಹಾಸ್ಟೆಲ್ ಜ್ವರ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯ ಹೊರಟವನು ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳಬೇಕು: ವಿಷಯವೇನು, ಪ್ರಯೋಜನವೇನು, ಸಂಬಂಧವೇನು, ಅಧಿಕಾರಿ ಯಾರು. ಈ ಗ್ರಂಥದ ವಿಷಯ, ನೀಲಗಿರಿ ಜಿಲ್ಲೆಯಲ್ಲಿ ಕಾಲೇಜು ಓದುವವರಿಗೆ ಬರುವ ಜ್ವರ ಮತ್ತು ಅದಕ್ಕೆ ವಿದ್ಯಾಸಂಸ್ಥೆಯ ಕಡೆಯಿಂದ ಸಿಗುವ ಆರೈಕೆ. ಪ್ರಯೋಜನ, ಹಾಜರಾತಿ. ಇವೆರಡರ ಸಂಬಂಧ ಮುಂದೆ ಗೊತ್ತಾಗುತ್ತದೆ. ಅಧಿಕಾರಿಯ ವಿಚಾರದಲ್ಲಿ ಮಾತ್ರ ಪ್ರಾಚೀನರಿಗೂ ನವೀನರಿಗೂ ಭೇದವಿದೆ. ಗ್ರಂಥವನ್ನು ಓದಲು ಯೋಗ್ಯತೆಯುಳ್ಳವನೇ ಅಧಿಕಾರಿ ಎಂದು ಪ್ರಾಚೀನರು. ಅವರು ಈಗಷ್ಟೇ ಊಟಕ್ಕೆ ಎದ್ದರು ಎಂದು ನವೀನರು.

ದೃಷ್ಟಾಂತಕ್ಕೆ ದೇವದತ್ತನೇ ಸಾಕು. ತರ್ಕಗ್ರಂಥಗಳಲ್ಲಿ ತಲೆತಲಾಂತರದಿಂದ ಹಸು ತರುತ್ತ, ಹಗಲು ಉಣ್ಣದೆಯೂ ದಪ್ಪಗಾಗುತ್ತ ದುಡಿದಿರುವ ಈತ ಸದ್ಯ ಮಸಿನಗುಡಿಯವನು. ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ತಮಿಳು, ಊಟಿಯಲ್ಲಿ ಬಿ.ಎಸ್ಸಿ. ಎರಡನೇ ವರ್ಷ. ಗೂಡಲೂರಿನ ಯಜ್ಞದತ್ತ ಅವನ ರೂಮ್‌ಮೇಟ್.

ದೇಶಪ್ರಕರಣ

ವಿಶ್ವವಿದ್ಯಾಲಯ ಎಲ್ಲಿದೆ ಎಂಬುದು ಮೊದಲ ಪ್ರಶ್ನೆ. ಊಟಿಯ ಸರ್ಕಾರಿ ಕಲಾ ಕಾಲೇಜು 1955ರದು. ಅದು ಸೇರಿರುವ ಭಾರತಿಯಾರ್ ವಿಶ್ವವಿದ್ಯಾಲಯ ಹುಟ್ಟಿದ್ದು 1982ರಲ್ಲಿ, ಅದೂ ಘಟ್ಟದ ಕೆಳಗೆ ಕೊಯಮತ್ತೂರಿನಲ್ಲಿ. ಮಗು ಮೊದಲು ಹುಟ್ಟಿ ತಾಯಿ ಆಮೇಲೆ ಹುಟ್ಟಿದ, ಹುಟ್ಟಿದ ತಾಯಿಯೂ ಎಂಬತ್ತು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ ನೆಲೆಸಿದ ಈ ಸಂಸಾರದಲ್ಲಿ, ಮಗುವಿನ ಹಣೆ ಮುಟ್ಟಿ ನೋಡುವವರು ಯಾರು? ವಿಶ್ವವಿದ್ಯಾಲಯದ ಆರೈಕೆ ಆಕಾಶಪುಷ್ಪದ ಹಾಗೆ ಇಲ್ಲವೇ ಇಲ್ಲ ಎಂದು ನಾವು ಹೇಳುವುದಿಲ್ಲ. ಅದು ದೂರಸ್ಥ ಪದಾರ್ಥ. ಬೆಟ್ಟದ ಮೇಲಿನವರಿಗೆ ಅಂಕಪಟ್ಟಿಯ ಮೇಲಿನ ಮುದ್ರೆಯಾಗಿ ಮಾತ್ರ ಗೋಚರಿಸುತ್ತದೆ.

ಇದರಲ್ಲಿ ವಿಚಿತ್ರವೇನೆಂದರೆ ಈ ಊರು ಊರಾದದ್ದೇ ಕಾಯಿಲೆಯವರಿಗಾಗಿ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಬೆಟ್ಟ ಹತ್ತಿದ. ಬಯಲಿನ ಬಿಸಿಲಲ್ಲಿ ಬೆಂದು ಜ್ವರ ಹಿಡಿಸಿಕೊಂಡ ಕಂಪನಿ ಸಿಪಾಯಿಗಳೂ ಸಾಹೇಬರೂ ಇಲ್ಲಿ ಬಂದು ಚೇತರಿಸಿಕೊಳ್ಳಲಿ ಎಂದು ಮದರಾಸಿಗೆ ಕಾಗದದ ಮೇಲೆ ಕಾಗದ ಬರೆದ. ತಾನೂ 1822ರ ಸುಮಾರಿಗೆ ಕಲ್ಲಿನ ಮನೆ ಕಟ್ಟಿಸಲು ತೊಡಗಿದ. ಸ್ಥಳೀಯರು ಅದನ್ನು ಕಲ್ ಬಂಗಲೆ ಎಂದರು. ಆ ಬಂಗಲೆಯೇ ಮುಂದೆ ಕಲಾ ಕಾಲೇಜಿನ ಪಾಲಿಗೆ ಬಂತು. ಅಂದರೆ ಇಡೀ ಊರನ್ನೇ ಆರೋಗ್ಯಧಾಮ ಮಾಡಬೇಕೆಂದು ಹಟ ಹಿಡಿದವನ ಅಂಗಳದಲ್ಲಿ ಕುಳಿತು ದೇವದತ್ತ ಒಂದು ಪ್ಯಾರಾಸಿಟಮಾಲ್‌ಗೆ ಹುಡುಕುತ್ತಿದ್ದಾನೆ. (ಸಲಿವನ್ನನ ಹೆಂಡತಿಯೂ ಮಗಳೂ 1838ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. ಶ್ರೀರಂಗಪಟ್ಟಣದಿಂದ ಟಿಪ್ಪುವಿನ ಅರಮನೆಯ ತೊಲೆಗಳನ್ನು ತಂದು ಹಾಕಿದ ಸೇಂಟ್ ಸ್ಟೀಫನ್ಸ್ ಚರ್ಚಿನ ಸ್ಮಶಾನದಲ್ಲಿ ಅವರ ಗೋರಿಗಳಿವೆ. ಹವೆಯೊಂದೇ ಔಷಧವಲ್ಲ ಎಂಬುದು ಸ್ಥಾಪಕನಿಗೇ ಗೊತ್ತಾಗಿತ್ತು. ಹಾಸ್ಟೆಲ್ ಆಡಳಿತಗಳಿಗೆ ಸುದ್ದಿ ಇನ್ನೂ ಮುಟ್ಟಬೇಕು.)

ಔಷಧದ ದೃಷ್ಟಿಯಿಂದ ಈ ಬೆಟ್ಟಗಳಿಗಿಂತ ಶ್ರೀಮಂತ ಸೀಮೆ ಕಡಿಮೆ. ಜ್ವರವೆಂದರೆ ಮಲೇರಿಯಾ ಎಂದು ಜಗತ್ತು ನಡುಗುತ್ತಿದ್ದಾಗ 1860ರ ದಶಕದಲ್ಲಿ ದಕ್ಷಿಣ ಅಮೆರಿಕದ ಸಿಂಕೋನಾ ಸಸಿಗಳು ದೊಡ್ಡಬೆಟ್ಟದಲ್ಲಿ ಬೇರು ಬಿಟ್ಟವು. ನಡುವಟ್ಟದಲ್ಲಿ ಕೈದಿಗಳನ್ನು ಹಚ್ಚಿ ತೋಟ ಬೆಳೆಸಿದರು, ತೊಗಟೆಯಿಂದ ಕ್ವಿನೈನ್ ಇಳಿಸಿದರು. ಕೂನೂರಿನಲ್ಲಿ 1907ರಿಂದ ಪಾಶ್ಚರ್ ಸಂಸ್ಥೆ ಇದೆ, ಹುಚ್ಚುನಾಯಿ ಕಡಿತಕ್ಕೆ ಲಸಿಕೆ ತಯಾರಿಸಿ ಹೆಸರಾದದ್ದು. ಸುತ್ತೂರು ಮಠದ ಜೆಎಸ್‌ಎಸ್ ಸಂಸ್ಥೆ 1980ರಲ್ಲೇ ಊಟಿಯಲ್ಲಿ ಫಾರ್ಮಸಿ ಕಾಲೇಜು ತೆರೆದು, ಮೈಸೂರು ಸೀಮೆಯ ಹುಡುಗರಿಗೆ ಮಾತ್ರೆಯ ಶಾಸ್ತ್ರ ಕಲಿಸುತ್ತ ಬಂದಿದೆ. ಇನ್ನು ಆಸ್ಟ್ರೇಲಿಯಾದಿಂದ ಬಂದು 1843ರಲ್ಲಿ ಇಲ್ಲಿ ನೆಲೆಯೂರಿದ ಮರವೊಂದಿದೆ. ಇಡೀ ಕರ್ನಾಟಕ ಅದನ್ನು ಈ ಜಿಲ್ಲೆಯ ಹೆಸರಿನಿಂದಲೇ ಕರೆಯುತ್ತದೆ. ಇಷ್ಟೆಲ್ಲದರ ಪೈಕಿ ಹಾಸ್ಟೆಲಿನ ಕೋಣೆಯವರೆಗೆ ನಡೆದು ಬಂದಿರುವುದು ಆ ಮರದ ಎಣ್ಣೆಯ ಒಂದು ಸಣ್ಣ ಸೀಸೆ. ತಲೆನೋವಿಗೆ ಹಣೆಗೆ, ನೆಗಡಿಗೆ ಕರವಸ್ತ್ರಕ್ಕೆ, ಹೊಟ್ಟೆನೋವಿಗೆ ಹೊಕ್ಕುಳಿಗೆ. ಬೇರೆ ರೋಗಗಳು ಈ ಶಾಸ್ತ್ರದಲ್ಲಿಲ್ಲ.

ಪ್ರಮಾಣಪ್ರಕರಣ

ದೇವದತ್ತನಿಗೆ ಜ್ವರ ಬಂದಿದೆ ಎಂದು ತಿಳಿಯುವುದು ಹೇಗೆ? ದೇವದತ್ತನಿಗೆ ಗೊತ್ತಿದೆ ಎಂಬುದು ಪ್ರಮಾಣವಾಗದು, ಅವನು ಪಕ್ಷಪಾತಿ. ಪ್ರತ್ಯಕ್ಷಕ್ಕೆ ಥರ್ಮಾಮೀಟರ್ ಬೇಕು. ಥರ್ಮಾಮೀಟರ್ ವಾರ್ಡನ್ನರ ಮೇಜಿನ ಡ್ರಾಯರಿನಲ್ಲಿದೆ, ವಾರ್ಡನ್ನರು ಮೀಟಿಂಗಿನಲ್ಲಿದ್ದಾರೆ. ಆದ್ದರಿಂದ ಅನುಮಾನಕ್ಕೆ ಹೋಗಬೇಕು. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ. ಹಾಗೆಯೇ ಎಲ್ಲೆಲ್ಲಿ ಹಗಲುಹೊತ್ತಿನ ಕಂಬಳಿಯೋ ಅಲ್ಲಲ್ಲಿ ಜ್ವರ. ಈ ವ್ಯಾಪ್ತಿ ಮದರಾಸಿನಲ್ಲಿ ನಿರ್ದುಷ್ಟ. ಜನವರಿಯಲ್ಲಿ ಹುಲ್ಲಿನ ಮೇಲೆ ಬಿಳಿ ಹಿಮ ಕೂರುವ ಊಟಿಯಲ್ಲಿ ವಾರ್ಡನ್ನರೂ ಅಡುಗೆಯವರೂ ಗೇಟಿನ ವಾಚ್‌ಮ್ಯಾನೂ ಹಗಲುಹೊತ್ತೇ ಹೊದ್ದಿರುವುದರಿಂದ ಹೇತು ಕೆಟ್ಟುಹೋಯಿತು.

ಮುಂದಿನದು ಉಪಮಾನ. ಅದನ್ನು ನಡೆಸುವವನು ಯಜ್ಞದತ್ತ. ಹಣೆಯ ಮೇಲೆ ಅಂಗೈ ಇಟ್ಟು, "ನಂಗೂ ಹಿಂಗೇ ಆಗಿತ್ತು ಕಣೋ, ಇದ್ನೇ ತಿಂದಿದ್ದೆ" ಎಂದು ಅರ್ಧ ಖಾಲಿಯಾದ ಸ್ಟ್ರಿಪ್ ಕೊಡುತ್ತಾನೆ. ಮೆಸ್ಸಿನಿಂದ ಗಂಜಿ ತರುತ್ತಾನೆ. ಲೀವ್ ಲೆಟರ್ ಬರೆಯುತ್ತಾನೆ, ದೇವದತ್ತನ ಸಹಿಯನ್ನು ದೇವದತ್ತನಿಗಿಂತ ಚೆನ್ನಾಗಿ ಹಾಕುತ್ತಾನೆ. ರಾತ್ರಿ ಎರಡಕ್ಕೆ ಬಿಸಿನೀರು ಕೇಳಿದರೆ ಬಯ್ಯುತ್ತ ಎದ್ದು ಕಾಯಿಸುತ್ತಾನೆ. ನಮ್ಮ ಸಿದ್ಧಾಂತ ಇಷ್ಟೇ: ಈ ಜಿಲ್ಲೆಯಲ್ಲಿ ವಿದ್ಯಾರ್ಥಿ ಆರೋಗ್ಯ ಸೇವೆ ಎಂಬುದು ಇದೆ, ಅದರ ಹೆಸರು ಯಜ್ಞದತ್ತ. ಸಂಬಳವಿಲ್ಲ, ಬೋರ್ಡಿಲ್ಲ, ಇಂಟರ್ನಲ್ ಪರೀಕ್ಷೆಯ ದಿನ ರಜೆ.

ಶಬ್ದಪ್ರಮಾಣವೆಂದರೆ ಮೆಡಿಕಲ್ ಸರ್ಟಿಫಿಕೇಟ್. ಬರೆದವರು ಯಾರು, ಬರೆದದ್ದೇನು ಎಂದು ಯಾರಿಗೂ ಓದಲು ಬಾರದ ಕಾರಣ ಇದು ಅಪೌರುಷೇಯ, ಅಪೌರುಷೇಯವಾದ್ದರಿಂದ ದೋಷರಹಿತ. ಆಫೀಸಿನಲ್ಲಿ ಇದಕ್ಕಿರುವ ಮರ್ಯಾದೆ ಜ್ವರಕ್ಕಿಲ್ಲ. ಜ್ವರವಿದ್ದು ಸರ್ಟಿಫಿಕೇಟಿಲ್ಲದವನು ಆರೋಗ್ಯವಂತ, ಜ್ವರವಿಲ್ಲದೆ ಸರ್ಟಿಫಿಕೇಟುಳ್ಳವನು ರೋಗಿ.

ಅರ್ಥಾಪತ್ತಿಗೆ ಹಳೆಯ ಉದಾಹರಣೆ, ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಹೊಸ ಉದಾಹರಣೆ, ದೇವದತ್ತನ ಹಾಜರಾತಿ ಶೇ 68, ಬೇಕಾದದ್ದು ಶೇ 75, ಆದರೂ ಪರೀಕ್ಷಾ ಕೋಣೆಯಲ್ಲಿ ಕುಳಿತಿದ್ದಾನೆ. ಆದ್ದರಿಂದ ಕಂಡೊನೇಷನ್ ಫೀಸು ಕಟ್ಟಿದ್ದಾನೆ. ಇಲ್ಲಿ ಸೂಕ್ಷ್ಮವೊಂದಿದೆ. ವೈದ್ಯರು ಜ್ವರಕ್ಕೆ ದುಡ್ಡು ತೆಗೆದುಕೊಂಡು ಔಷಧ ಕೊಡುತ್ತಾರೆ. ಕಾಲೇಜು ಅದೇ ಜ್ವರಕ್ಕೆ ದುಡ್ಡು ತೆಗೆದುಕೊಂಡು ಕ್ಷಮೆ ಕೊಡುತ್ತದೆ.

ಅನುಪಲಬ್ಧಿ, ಅಂದರೆ ಇಲ್ಲದಿರುವುದನ್ನು ತಿಳಿಯುವ ಬಗೆ. ಹೆಸರು ಬೇಡವಾದ ಒಂದು ಕಾಲೇಜಿನಲ್ಲಿ ಸಿಕ್ ರೂಮ್ ಎಂಬ ಬೋರ್ಡಿನ ಬಾಗಿಲು ತೆರೆಸಿ ನೋಡಿದರೆ ಎನ್‌ಎಸ್‌ಎಸ್ ಬ್ಯಾನರು, ಕಾಲು ಮುರಿದ ಬೆಂಚು, ಸ್ಪೋರ್ಟ್ಸ್ ಡೇಯ ಧ್ವಜಕಂಬಗಳು ಕಂಡವು. ಮಂಚವಿತ್ತು, ಅದರ ಮೇಲೆ ಹಳೆಯ ಉತ್ತರಪತ್ರಿಕೆಗಳ ಕಟ್ಟುಗಳು ಮಲಗಿದ್ದವು.

ಕಾಲಪ್ರಕರಣ

ಸರ್ಕಾರಿ ಆಸ್ಪತ್ರೆಯ ಓ.ಪಿ. ಬೆಳಿಗ್ಗೆ. ಕ್ಲಾಸೂ ಬೆಳಿಗ್ಗೆ. ಒಂದೇ ದೇವದತ್ತ ಒಂದೇ ಹೊತ್ತಿನಲ್ಲಿ ಎರಡು ಕಡೆ ಇರಲಾರ ಎಂಬುದನ್ನು ಎಲ್ಲ ದರ್ಶನಗಳೂ ಒಪ್ಪುತ್ತವೆ; ಟೈಮ್‌ಟೇಬಲ್ ಕಮಿಟಿಯ ಮತ ಬೇರೆ. ಜಿ.ಎಚ್.ಗೆ ಹೋಗಬೇಕಾದರೆ ವಾರ್ಡನ್ನರ ಔಟ್ ಪಾಸ್ ಬೇಕು, ಬೆಟ್ಟ ಹತ್ತಿ ಇಳಿಯಬೇಕು, ಚೀಟಿಯ ಸಾಲಿನಲ್ಲಿ ನಿಲ್ಲಬೇಕು, ರಕ್ತಪರೀಕ್ಷೆಯ ರಿಪೋರ್ಟಿಗೆ ಇನ್ನೊಮ್ಮೆ ಬರಬೇಕು. ರೋಗಿಯಾಗುವುದಕ್ಕೆ ಗಟ್ಟಿಮುಟ್ಟಾದ ಆರೋಗ್ಯ ಬೇಕು.

ಪೂರ್ವಪಕ್ಷಿ ಇಲ್ಲಿ ಎದ್ದು ನಿಲ್ಲುತ್ತಾನೆ: ಸ್ವಾಮೀ, ನಿಮ್ಮ ಗ್ರಂಥ ಹಳತಾಯಿತು. 2022ರ ಜನವರಿಯಲ್ಲಿ ನೀಲಗಿರಿಗೆ ಸರ್ಕಾರಿ ಮೆಡಿಕಲ್ ಕಾಲೇಜೇ ಬಂತು, 2025ರ ಏಪ್ರಿಲ್‌ನಲ್ಲಿ ಅದರ 700 ಹಾಸಿಗೆಯ ಆಸ್ಪತ್ರೆಯನ್ನು ಮುಖ್ಯಮಂತ್ರಿಗಳು ಉದ್ಘಾಟಿಸಿದರು. ಕೊಯಮತ್ತೂರಿಗೆ ಓಡಬೇಕಾಗಿದ್ದ ಎಷ್ಟೋ ರೋಗಿಗಳಿಗೆ ಇಲ್ಲೇ ಚಿಕಿತ್ಸೆ.

ಸತ್ಯ. ಸಂತೋಷ. ನಮ್ಮ ವಾದ ಹಾಸಿಗೆಯದಲ್ಲ, ಹಾಸ್ಟೆಲಿನಿಂದ ಹಾಸಿಗೆಯವರೆಗಿನ ದಾರಿಯದು. 2024ರ ಮೇ 7ರಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಹೊರಗಿನ ವಾಹನಗಳಿಗೆ ಇ-ಪಾಸ್ ಬಂದಿದೆ. ಬೆಂಗಳೂರಿನವನು ಮೊಬೈಲಿನಲ್ಲಿ ನಾಲ್ಕು ಸಲ ಒತ್ತಿದರೆ ಬೆಟ್ಟದ ಹವೆ ಕುಡಿಯಲು ಅನುಮತಿ ಸಿಗುತ್ತದೆ. ದೇವದತ್ತನ ಔಟ್ ಪಾಸಿಗೆ ಹೆತ್ತವರ ಫೋನು, ಟ್ಯೂಟರರ ಸಹಿ, ವಾರ್ಡನ್ನರ ಸಹಿ. ಹವೆ ಬೇಕಾದವನು ಒಳಗೆ ಬರುವುದಕ್ಕಿಂತ ಹವೆ ತಡೆಯದವನು ಹೊರಗೆ ಹೋಗುವುದು ಕಷ್ಟ.

ಹೀಗಾಗಿ ಪ್ರಚಲಿತ ಚಿಕಿತ್ಸೆ ಒಂದೇ: ಊರಿಗೆ ಹೋಗುವುದು. ದೇವದತ್ತನಿಗೆ ಕಲ್ಲಟ್ಟಿ ಇಳಿಜಾರಿನ 36 ತಿರುವುಗಳು. ಮಿನಿ ಬಸ್ಸಿನ ಕಿಟಕಿ ಪಕ್ಕದ ಸೀಟು ಈ ಶಾಸ್ತ್ರದಲ್ಲಿ ವಮನಚಿಕಿತ್ಸೆಯ ಪೀಠ. ಗೂಡಲೂರಿನ ಕಡೆಯವರಾದರೆ ಪೈಕಾರ ದಾಟಿ, ಕ್ವಿನೈನಿನ ನಡುವಟ್ಟದ ಮೂಲಕ ಐವತ್ತು ಕಿಲೋಮೀಟರ್ ಜ್ವರ ಹೊತ್ತು ಹೋಗುವರು. ಮನೆ ತಲುಪಿದ ಮೇಲೆ ತಾಯಿಯ ಮೆಣಸಿನ ಸಾರು, ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಕ್ಕನ ಮಾತ್ರೆ, ಮೂರನೇ ದಿನಕ್ಕೆ ಗುಣ. ಕಾಲೇಜಿನ ದಾಖಲೆಯಲ್ಲಿ ಇದು ಆಬ್ಸೆಂಟ್.

ಮನಸ್ಸಿನ ಜ್ವರಕ್ಕೆ ಬೇರೆ ಪ್ರಕರಣ ಬೇಕಾಗಿತ್ತು, ಚುಟುಕಾಗಿ ಮುಗಿಸುತ್ತೇನೆ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ಅರ್ಹ ಆಪ್ತಸಮಾಲೋಚಕರೊಬ್ಬರು ಇರಬೇಕೆಂದು ಸುಪ್ರೀಂ ಕೋರ್ಟು 2025ರ ಜುಲೈನಲ್ಲಿ ಹೇಳಿದೆ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೂ ಮಾತಾಡುತ್ತಾರೆ, ದೇವದತ್ತನಿಗೆ ಇದು ನಿಜಕ್ಕೂ ಉಪಯೋಗ. ಹಾಸ್ಟೆಲಿನ ಒಳಗೆ ಸದ್ಯ ಈ ವಿಭಾಗವನ್ನೂ ಯಜ್ಞದತ್ತನೇ ನೋಡಿಕೊಳ್ಳುತ್ತಿದ್ದಾನೆ.

ಅಪವಾದಪ್ರಕರಣ

ಇಷ್ಟು ಹೊತ್ತು ನಗುತ್ತ ಬಂದ ಗ್ರಂಥಕಾರನಿಗೆ ಇಲ್ಲಿ ಸ್ವಲ್ಪ ತೊಡಕಿದೆ. ಗೂಡಲೂರು ಕಡೆಯ ಹಾಡಿಯಿಂದ ಒಬ್ಬ ಹುಡುಗಿ ಊಟಿಗೆ ಓದಲು ಬರುತ್ತಾಳೆ ಎಂದಿಟ್ಟುಕೊಳ್ಳಿ. ಹೆಸರಿಡೋಣವೆಂದರೆ ತರ್ಕಗ್ರಂಥಗಳು ಬಂಜೆಯ ಮಗನನ್ನು ಬಿಟ್ಟು ಹೆಂಗಸರ ಸುದ್ದಿಗೇ ಅಷ್ಟಾಗಿ ಹೋಗಿಲ್ಲ. ಇವಳಿಗೆ ಸಿಕಲ್‌ಸೆಲ್ ಕಾಯಿಲೆ. ರಕ್ತಕಣ ಕುಡುಗೋಲಿನ ಹಾಗೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಮೂಳೆಯೊಳಗಿಂದ ನೋವು ಏಳುತ್ತದೆ. ಚಳಿ, ನೀರು ಕಡಿಮೆ ಕುಡಿಯುವುದು, ಆಮ್ಲಜನಕ ತೆಳುವಾದ ಎತ್ತರ, ಮೂರೂ ಇದನ್ನು ಕೆರಳಿಸುತ್ತವೆ. ಗೂಡಲೂರಿನಿಂದ ಸಾವಿರ ಮೀಟರಿಗೂ ಮೇಲೆ, 2,240 ಮೀಟರ್ ಎತ್ತರದಲ್ಲಿರುವ ಊಟಿಯಲ್ಲಿ ಮೂರೂ ಧರ್ಮಾರ್ಥ ಸಿಗುತ್ತವೆ. ಬಿಸಿನೀರಿಲ್ಲದ ಹಾಸ್ಟೆಲಿನಲ್ಲಿ ಯಾರು ತಾನೇ ನೀರು ಕುಡಿಯುತ್ತಾರೆ? ಹೊರಗಿನಿಂದ ನೋಡಿದರೆ ಜ್ವರವೂ ಇಲ್ಲ, ಗಾಯವೂ ಇಲ್ಲ. ನಮ್ಮ ಆರೂ ಪ್ರಮಾಣಗಳು ಅವಳನ್ನು ಸೋಮಾರಿ ಎಂದು ಸಾಧಿಸಿಕೊಡುತ್ತವೆ. ಯಜ್ಞದತ್ತನ ಸ್ಟ್ರಿಪ್ ಇಲ್ಲಿ ಸಾಲದು.

ಗೊತ್ತಿಲ್ಲದ ಕಾಯಿಲೆ ಎಂದು ಜಾರಿಕೊಳ್ಳುವಂತಿಲ್ಲ. ಈ ಕಾಯಿಲೆಯ ಗುರುತು ಭಾರತದಲ್ಲಿದೆ ಎಂದು ಹೇಳಿದ ಮೊದಲ ವರದಿಗಳಲ್ಲೊಂದು ಲೆಹ್ಮನ್ ಮತ್ತು ಕಟ್‌ಬುಶ್ ಅವರದು, 1952ರದು, ಇದೇ ನೀಲಗಿರಿಯ ಆದಿವಾಸಿಗಳ ರಕ್ತ ಪರೀಕ್ಷಿಸಿ ಬರೆದದ್ದು. ಕಲಾ ಕಾಲೇಜು ಹುಟ್ಟುವ ಮೂರು ವರ್ಷ ಮೊದಲು! ಗೂಡಲೂರಿನಲ್ಲಿ ಅಶ್ವಿನಿ ಸಂಸ್ಥೆ 1990ರಿಂದ ಆದಿವಾಸಿಗಳ ಆಸ್ಪತ್ರೆ ನಡೆಸುತ್ತಿದೆ, ಹಾಡಿಯ ಹೆಣ್ಣುಮಕ್ಕಳೇ ಕಲಿತು ನರ್ಸುಗಳಾಗಿದ್ದಾರೆ, ಸಿಕಲ್‌ಸೆಲ್ ಇರುವವರನ್ನು ಗುರುತಿಸಿ ಮಾತ್ರೆ ಕೊಟ್ಟು ಬೆನ್ನಿಗೆ ನಿಂತಿದ್ದಾರೆ. 1992ರಷ್ಟು ಹಿಂದೆಯೇ ಅಲ್ಲಿನ ಆದಿವಾಸಿ ಸಂಘದವರಿಗೆ ಆರೋಗ್ಯ ವಿಮೆ ಬಂದಿತ್ತು. 2023ರ ಜುಲೈಯಿಂದ ಕೇಂದ್ರ ಸರ್ಕಾರದ ಸಿಕಲ್‌ಸೆಲ್ ಮಿಷನ್ ಕೂಡ ಇದೆ. ಹಾಡಿಗೆ ಗೊತ್ತು, ಆಸ್ಪತ್ರೆಗೆ ಗೊತ್ತು, ದಿಲ್ಲಿಗೆ ಗೊತ್ತು. ಬೆಟ್ಟ ಹತ್ತಿ ಕಾಲೇಜಿಗೆ ಸೇರಿದ ದಿನ ಆ ತಿಳಿವಳಿಕೆ ಮಾತ್ರ ಅವಳ ಜೊತೆ ಬಸ್ಸು ಹತ್ತುವುದಿಲ್ಲ.

ಗ್ರಂಥಕಾರನ ಬೇಡಿಕೆ ಸಣ್ಣದು. ಪ್ರವೇಶದ ಫಾರಂನಲ್ಲಿ ಎತ್ತರ, ತೂಕ, ರಕ್ತದ ಗುಂಪು ಕೇಳುತ್ತಾರಲ್ಲ, ಅಲ್ಲೇ ಇನ್ನೊಂದು ಸಾಲು: ನಿತ್ಯ ಮಾತ್ರೆ ತೆಗೆದುಕೊಳ್ಳುವ ಕಾಯಿಲೆ ಇದೆಯೇ, ಚಿಕಿತ್ಸೆ ಎಲ್ಲಿ? ಇದೆ ಎಂದವರಿಗೆ ಬಿಸಿನೀರು ಹತ್ತಿರವಿರುವ ಕೋಣೆ, ಇನ್ನೊಂದು ಕಂಬಳಿ, ನೋವೆಂದ ರಾತ್ರಿ ಔಟ್ ಪಾಸ್ ಕೇಳದೆ 108.

ಪೂರ್ವಪಕ್ಷಿ, ಈ ಸಲ ಆಫೀಸಿನ ಸೂಪರಿಂಟೆಂಡೆಂಟರ ರೂಪದಲ್ಲಿ, ಫಾರಂ ಎತ್ತಿ ತೋರಿಸುತ್ತಾರೆ: ಹಳೆಯ ಫಾರಂ ಇನ್ನೂ ಮೂರು ಕಟ್ಟು ಉಳಿದಿದೆ, ಹೊಸದು ಅಚ್ಚು ಹಾಕಿಸಲು ಸ್ಯಾಂಕ್ಷನ್ ಬೇಕು, ಇದರಲ್ಲಿ ಜಾಗವೆಲ್ಲಿದೆ ಸಾರ್?

ಸಿದ್ಧಾಂತ: ಅಂಗಮಚ್ಚೆ ಒಂದು, ಅಂಗಮಚ್ಚೆ ಎರಡು ಎಂದು ಎರಡು ಸಾಲು ಬಿಟ್ಟಿದ್ದೀರಿ. ಮಚ್ಚೆ ಒಂದೇ ಸಾಕು, ಎರಡನೇ ಸಾಲಿನಲ್ಲಿ ಬರೆಸಿಕೊಳ್ಳಿ.