ಎಂಜಿನ್ ಇಳಿಸುವ ಮುನ್ನ

ಹಳೆಯ ಲಾರಿಯ ಡೀಸೆಲ್ ಎಂಜಿನ್ನು ಒಂದೇ ದಿನದಲ್ಲಿ ಕೆಡುವುದು ಅಪರೂಪ. ಮೊದಲು ಆಯಿಲ್ ಕುಡಿಯಲು ಕಲಿಯುತ್ತದೆ, ಆಮೇಲೆ ಹೊಗೆ ಬಿಡಲು, ಕೊನೆಗೆ ಬೆಳಿಗ್ಗೆ ಏಳಲು ಸೋಮಾರಿತನ ಮಾಡಲು. ಮೂರೂ ಚಾಳಿ ಒಟ್ಟಿಗೆ ಕಾಣಿಸಿಕೊಂಡಾಗ ಮಾಲೀಕನ ಮುಂದೆ ಎರಡು ದಾರಿ: ಎಂಜಿನ್ ಇಳಿಸಿ ಬೋರ್ ಮಾಡಿಸುವುದು, ಇಲ್ಲವೇ ಅದನ್ನು ಗುಜರಿಗೆ ಹಾಕಿ ಬೇರೊಂದನ್ನು ಕೂರಿಸುವುದು. ಮೂರನೆಯ ದಾರಿಯೂ ಉಂಟು. ಇನ್ನೊಂದು ಟ್ರಿಪ್ ಹೊಡೆದು ನೋಡುವುದು. ಬಹುಪಾಲು ಲಾರಿಗಳು ತಮ್ಮ ಮುಪ್ಪನ್ನೆಲ್ಲ ಈ ಮೂರನೆಯ ದಾರಿಯಲ್ಲೇ ಕಳೆಯುತ್ತವೆ.

ಉತ್ತರ ಚೆನ್ನೈನಲ್ಲಿ, ರಾಯಪುರಂಗೆ ಅಂಟಿಕೊಂಡಿರುವ ಕಾಸಿಮೇಡು ಮೀನುಗಾರಿಕಾ ಬಂದರಿನಲ್ಲಿ ಈ ಪ್ರಶ್ನೆಗೆ ಒಂದು ಋತುವೇ ಇದೆ. ಪೂರ್ವ ಕರಾವಳಿಯಲ್ಲಿ ಪ್ರತಿವರ್ಷ ಏಪ್ರಿಲ್ 15ರಿಂದ ಜೂನ್ 14ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನಿನ ಸಂತಾನಕ್ಕೆ ಬಿಟ್ಟುಕೊಟ್ಟ ಕಾಲ ಅದು. ಮೊದಲು 45 ದಿನ ಇದ್ದದ್ದು ಈಗ 61 ದಿನ. ಮಲ್ಪೆ, ಮಂಗಳೂರಿನವರಿಗೆ ಗೊತ್ತಿರುವ ಜೂನ್-ಜುಲೈ ನಿಷೇಧವೂ ಲೆಕ್ಕಕ್ಕೆ 61 ದಿನವೇ. ಆದ್ದರಿಂದ ಜೂನ್ ತಿಂಗಳ ಮೊದಲ ಎರಡು ವಾರ ಎರಡು ಕಡಲೂ ಏಕಕಾಲಕ್ಕೆ ಮುಚ್ಚಿರುತ್ತವೆ, ಬೆಂಗಳೂರಿನಲ್ಲಿ ಮೀನು ಕೊಳ್ಳುವವರು ಬೆಲೆ ಕೇಳಿ ಸೊಪ್ಪಿನ ಗಾಡಿಯ ಕಡೆ ನಡೆಯುತ್ತಾರೆ. ಕಾಸಿಮೇಡಿನಲ್ಲಿ ಆ ಎರಡು ತಿಂಗಳು ದೋಣಿಗಳಿಗೆ ಬಣ್ಣ ಬಳಿಯುತ್ತಾರೆ, ಬಲೆ ಸರಿಪಡಿಸುತ್ತಾರೆ, ಎಂಜಿನ್ ಬಿಚ್ಚುತ್ತಾರೆ. ದೋಣಿ ನಿಂತರೆ ಮೀನಿಲ್ಲ, ಮೀನಿಲ್ಲದಿದ್ದರೆ ಲಾರಿಗೆ ಲೋಡಿಲ್ಲ. ಹಾಗಾಗಿ ಮೀನಿನ ಲಾರಿಯ ಎಂಜಿನ್ನೂ ಇದೇ ಹೊತ್ತಿಗೆ ನೆಲಕ್ಕಿಳಿಯುತ್ತದೆ. ನಿಷೇಧದ ದಿನಗಳಿಗೆಂದು ಮೀನುಗಾರ ಕುಟುಂಬಗಳಿಗೆ ಸರ್ಕಾರ ಪರಿಹಾರಧನ ಕೊಡುತ್ತದೆ. ಲಾರಿ ಮಾಲೀಕನಿಗೆ ಫೈನಾನ್ಸಿನವರು ಫೋನ್ ಮಾಡುತ್ತಾರೆ. ಎಂಜಿನ್ನಿನ ಸ್ಥಿತಿ ನೋಡಿ ತೀರ್ಮಾನಿಸಬೇಕು ಎಂದು ಕೈಪಿಡಿಗಳು ಹೇಳುವುದು ನಿಜ. ಇಲ್ಲಿ ಅರ್ಧ ತೀರ್ಮಾನ ಮಾಡುವುದು ಕ್ಯಾಲೆಂಡರು.

ಪರೀಕ್ಷೆ ಹೊಗೆಯಿಂದ ಶುರುವಾಗುತ್ತದೆ, ಏಕೆಂದರೆ ಅದನ್ನು ನೋಡಲು ಸ್ಪ್ಯಾನರ್ ಬೇಕಿಲ್ಲ. ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚು ಅಥವಾ ಗಾಳಿ ಕಡಿಮೆ. ನೀಲಿ ಎಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಎಂದರೆ ಡೀಸೆಲ್ ಸುಡದೆ ಹೊರಬರುತ್ತಿದೆ. ಎಂಜಿನ್ ಕಾದ ಮೇಲೂ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿ ರೇಡಿಯೇಟರಿನ ನೀರು ಸಿಲಿಂಡರಿಗೆ ದಾರಿ ಹುಡುಕಿಕೊಂಡಿರಬಹುದು. ಇಷ್ಟು ಜ್ಞಾನ ಬಂದರಿನ ಟೀ ಅಂಗಡಿಯಲ್ಲಿ ಎಲ್ಲರಿಗೂ ಇದೆ. ತೊಂದರೆಯೆಂದರೆ ಹೊಗೆಯ ಬಣ್ಣ ನೋಡುವವನ ಕಸುಬಿಗೆ ತಕ್ಕಂತೆ ಬದಲಾಗುತ್ತದೆ. ಡೀಸೆಲ್ ಪಂಪ್ ರಿಪೇರಿಯವನಿಗೆ ಅದು ಕಪ್ಪು, ಲೇತ್‌ನವನಿಗೆ ನೀಲಿ, ಲಾರಿ ಮಾರಲು ಹೊರಟ ಮಾಲೀಕನಿಗೆ ಹೊಗೆಯೇ ಇಲ್ಲ.

ಎರಡನೆಯ ಪರೀಕ್ಷೆ ‘ಬ್ಯಾಕ್ ಕಂಪ್ರೆಷನ್’. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಅದರ ಗಾತ್ರದ ಹದಿನಾರರಿಂದ ಹದಿನೆಂಟರಲ್ಲೊಂದು ಪಾಲಿಗೆ ಹಿಂಡಿದಾಗ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಆ ಕಾವಿಗೆ ನಾಜಲ್ ಚಿಮ್ಮಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಹಿಂಡುವ ಕೆಲಸ ಪಿಸ್ಟನ್ನಿನದು, ಹಿಂಡಿದ್ದು ಸೋರದಂತೆ ಕಾಯುವ ಕೆಲಸ ರಿಂಗುಗಳದು. ರಿಂಗು, ಲೈನರು ಸವೆದರೆ ಗಾಳಿ ಕೆಳಗಿನ ಆಯಿಲ್ ಚೇಂಬರಿಗೆ ನುಗ್ಗಿ ಬ್ರೀದರ್ ಪೈಪಿನಲ್ಲಿ ಹೊಗೆಯಾಗಿ ಹೊರಬರುತ್ತದೆ. ಇದನ್ನು ತಿಳಿಯಲು ಮೆಕ್ಯಾನಿಕ್ಕುಗಳು ಕಂಡುಕೊಂಡ ಉಪಾಯ ಸರಳವಾದದ್ದು: ಎಂಜಿನ್ ಚಾಲೂ ಇರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದು ಅದೇ ಬಾಯಿಯ ಮೇಲೆ ಮಗುಚಿ ಇಡುವುದು. ಮುಚ್ಚಳ ಸುಮ್ಮನೆ ಕೂತರೆ ಇನ್ನೂ ಕಾಲವಿದೆ. ಕುಣಿದರೆ ರಿಂಗಿನ ಕೆಲಸ. ಹಾರಿ ಬಿದ್ದರೆ ಮಾಲೀಕ ಅದನ್ನು ಎತ್ತಿಕೊಂಡು, ಇದು ಮುಚ್ಚಳದ ದೋಷವಿರಬಹುದೇ ಎಂದು ವಿಚಾರಿಸುತ್ತಾನೆ.

ಖಚಿತ ಉತ್ತರ ಬೇಕಾದರೆ ನಾಜಲ್ ತೆಗೆದ ತೂತಿಗೆ ಕಂಪ್ರೆಷನ್ ಗೇಜು ಕೂರಿಸಿ ಪ್ರತಿ ಸಿಲಿಂಡರನ್ನೂ ಅಳೆಯಬೇಕು. ಎಲ್ಲ ಸಿಲಿಂಡರುಗಳೂ ಸಮನಾಗಿ ಇಳಿದಿದ್ದರೆ ಅದು ವಯಸ್ಸು. ಒಂದು ಮಾತ್ರ ಇಳಿದಿದ್ದರೆ ಅದು ರೋಗ. ವಯಸ್ಸಿಗೆ ಪೂರ್ತಿ ಕೆಲಸ ಬೇಕು. ಒಂದೇ ಸಿಲಿಂಡರಿನ ರೋಗಕ್ಕೆ ಅದರ ವಾಲ್ವು, ರಿಂಗು, ಗ್ಯಾಸ್ಕೆಟ್ ನೋಡಿದರೆ ಸಾಕಾಗಬಹುದು. ಇದಕ್ಕೂ ಮೊದಲು ಏರ್ ಫಿಲ್ಟರ್ ತಟ್ಟಿ, ನಾಜಲ್ ಪರೀಕ್ಷಿಸಿ, ಪಂಪನ್ನು ಕ್ಯಾಲಿಬ್ರೇಷನ್‌ಗೆ ಕೊಡುವುದು ಜಾಣತನ. ಬೆಂಗಳೂರಿನ ಆಡುಗೋಡಿಯ ಮೈಕೊ ಕಾರ್ಖಾನೆ ದೇಶದ ಲಾರಿಗಳಿಗೆ ಡೀಸೆಲ್ ಪಂಪು, ನಾಜಲ್ ಒದಗಿಸಿದ್ದು ಎಷ್ಟು ಕಾಲವೆಂದರೆ, ಕಂಪನಿಯ ಹೆಸರು ಬಾಷ್ ಎಂದಾದ ಮೇಲೂ ಹಳಬರ ಬಾಯಲ್ಲಿ ಅದು ಮೈಕೊ ಪಂಪೇ. ನಾಜಲಿನ ತಪ್ಪಿಗೆ ಇಡೀ ಎಂಜಿನ್ನೇ ನೇಣಿಗೇರಿದ ಪ್ರಕರಣಗಳು ಈ ಕಸುಬಿನಲ್ಲಿ ಕಡಿಮೆಯೇನಲ್ಲ. ಅಗ್ಗದ ಕಾರಣ ಎಂಬ ಒಂದೇ ಕಾರಣಕ್ಕೆ ಅದರ ಮೇಲೆ ಯಾರಿಗೂ ನಂಬಿಕೆ ಬರುವುದಿಲ್ಲ.

ಕಾಸಿಮೇಡಿನಲ್ಲಿ ಮಾಡಿದ ಪರೀಕ್ಷೆಗೆ ಒಂದು ಮಿತಿಯಿದೆ. ಅದು ಸಮುದ್ರಮಟ್ಟ. ಬೆಂಗಳೂರಿಗೆ ಮೀನು ಹೊತ್ತ ಲಾರಿ ಸುಮಾರು 350 ಕಿಲೋಮೀಟರ್ ಓಡಿ 900 ಮೀಟರ್ ಎತ್ತರಕ್ಕೆ ಏರಬೇಕು. ಶ್ರೀಪೆರುಂಬುದೂರು, ವೇಲೂರು, ಆಂಬೂರುಗಳವರೆಗೆ ಯಾವ ಮುದಿ ಎಂಜಿನ್ನೂ ಮರ್ಯಾದೆ ಉಳಿಸಿಕೊಳ್ಳುತ್ತದೆ. ಕೃಷ್ಣಗಿರಿ ದಾಟಿ ಶೂಳಗಿರಿಯ ಏರು ಎದುರಾದಾಗ ಬಣ್ಣ ಬಯಲಾಗುತ್ತದೆ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಹತ್ತರಲ್ಲೊಂದು ಪಾಲಿನಷ್ಟು ಕಡಿಮೆ. ಟರ್ಬೊ ಇಲ್ಲದ ಹಳೆಯ ಎಂಜಿನ್ನಿಗೆ ಉಸಿರು ಅಷ್ಟೇ ಕಡಿಮೆ ಸಿಗುತ್ತದೆ, ಪಂಪು ಮಾತ್ರ ಡೀಸೆಲನ್ನು ಹಿಂದಿನಂತೆಯೇ ಸುರಿಯುತ್ತದೆ. ಕಪ್ಪು ಹೊಗೆ, ಎರಡನೇ ಗೇರು, ಹಿಂದೆ ಬಸ್ಸುಗಳ ಹಾರನ್ನು. ಐಸು ಕರಗುತ್ತಿರುತ್ತದೆ. ಚಾಲಕ ಆಗ ಮಾಲೀಕನಿಗೆ ಫೋನ್ ಮಾಡಿ ‘ಸರ್, ಪಿಕಪ್ ಇಲ್ಲ’ ಎಂದು ಹೇಳುವ ಮೂರು ಶಬ್ದ ಯಾವ ಗೇಜಿನ ಲೆಕ್ಕಕ್ಕೂ ಕಡಿಮೆಯಲ್ಲ.

ಎಂಜಿನ್ ಇಳಿಸಿದ ಮೇಲಿನ ಕೆಲಸದಲ್ಲಿ ಎರಡು ದರ್ಜೆ. ಕ್ರ್ಯಾಂಕ್ ಮುಟ್ಟದೆ ಪಿಸ್ಟನ್, ರಿಂಗು, ಲೈನರು, ವಾಲ್ವು ನೋಡಿದರೆ ‘ಹಾಫ್ ಎಂಜಿನ್’. ಕ್ರ್ಯಾಂಕನ್ನೂ ಹೊರತೆಗೆದರೆ ‘ಫುಲ್ ಎಂಜಿನ್’. ಲೈನರು ಬದಲಾಯಿಸುವಂಥ ಭಾಗ; ಸವೆದದ್ದನ್ನು ಒತ್ತಿ ಹೊರದೂಡಿ ಹೊಸದು ಕೂರಿಸಬಹುದು. ಕ್ರ್ಯಾಂಕನ್ನು ಲೇತ್ ಅಂಗಡಿಯಲ್ಲಿ ಗ್ರೈಂಡ್ ಮಾಡಿ ಒಂದು ಸೈಜು ಇಳಿಸುತ್ತಾರೆ, ಅದಕ್ಕೆ ಸರಿಯಾಗಿ ದಪ್ಪ ಬೇರಿಂಗ್ ಹಾಕುತ್ತಾರೆ. ಇಂಚಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಎಂದು ಸೈಜುಗಳು. ನಲವತ್ತು ಮುಗಿಸಿದ ಕ್ರ್ಯಾಂಕಿಗೆ ಸಾಮಾನ್ಯವಾಗಿ ಮುಂದಿನ ಸೈಜು ಗುಜರಿ. ಆದ್ದರಿಂದ ‘ಇದು ಎಷ್ಟನೇ ಸೈಜು?’ ಎಂಬುದು ಕೊಳ್ಳುವವನು ಕೇಳಲೇಬೇಕಾದ ಪ್ರಶ್ನೆ. ಬ್ಲಾಕ್ ಸೀಳಿದ್ದರೆ, ಕ್ರ್ಯಾಂಕ್ ಮುರಿದಿದ್ದರೆ, ಕನೆಕ್ಟಿಂಗ್ ರಾಡು ಬ್ಲಾಕಿನ ಗೋಡೆ ಒಡೆದು ಹೊರಗಿನ ಪ್ರಪಂಚ ನೋಡಿದ್ದರೆ ರಿಪೇರಿಯ ಮಾತು ಮುಗಿಯಿತು.

ಉಳಿದ ಸಂದರ್ಭಗಳಲ್ಲಿ ರಿಪೇರಿ ಬಹುತೇಕ ಯಾವಾಗಲೂ ಸಾಧ್ಯ. ಎಲ್ಲಿ ನಿಲ್ಲಿಸಬೇಕೆಂಬುದೇ ಕಷ್ಟ. ರಿಂಗು ಬದಲಾಯಿಸಲೆಂದು ಬಿಚ್ಚಿದ ಎಂಜಿನ್ನಿನ ಸುತ್ತ ನಾಲ್ಕು ಜನ ಕೂತಾಗ ಅವರಲ್ಲೊಬ್ಬ ‘ಹೇಗೂ ಬಿಚ್ಚಿದ್ದೀವಲ್ಲ’ ಎನ್ನುತ್ತಾನೆ. ಲಾರಿ ಉದ್ಯಮದಲ್ಲಿ ಇದಕ್ಕಿಂತ ದುಬಾರಿ ಮಾತು ಇನ್ನೊಂದಿಲ್ಲ. ಹೇಗೂ ಬಿಚ್ಚಿದ್ದೀವಲ್ಲ, ಲೈನರೂ ಹಾಕಿಬಿಡೋಣ. ಲೈನರು ಹಾಕಿದ ಮೇಲೆ ಹಳೇ ಬೇರಿಂಗ್ ಯಾಕೆ? ಬೇರಿಂಗ್ ತೆಗೆದಾಗ ಕ್ರ್ಯಾಂಕ್ ಕಾಣುತ್ತದೆ. ಕಂಡದ್ದು ಸರಿಯಿಲ್ಲ ಎನಿಸುತ್ತದೆ. ವಾಟರ್ ಪಂಪು, ಆಯಿಲ್ ಪಂಪು, ಹೋಸುಗಳು, ಎಂಜಿನ್ ಮೌಂಟಿಂಗು, ಎಂಜಿನ್ ಇಳಿದಾಗಲೇ ಕೈಗೆಟಕುವ ಕ್ಲಚ್ ಪ್ಲೇಟು, ಕ್ಲಚ್ ಪ್ಲೇಟಿನ ಜೊತೆಗೆ ಪ್ರೆಷರ್ ಪ್ಲೇಟು. ಪ್ರತಿಯೊಂದು ಸಲಹೆಯೂ ಬಿಡಿಯಾಗಿ ನೋಡಿದರೆ ಸರಿಯೇ, ಏಕೆಂದರೆ ಅದಕ್ಕಾಗಿ ಎಂಜಿನ್ನನ್ನು ಮತ್ತೆ ಇಳಿಸುವ ಕೂಲಿ ಉಳಿಯುತ್ತದೆ. ಹೀಗೆ ಉಳಿಸುತ್ತ ಹೋದ ಮಾಲೀಕ ವಾರದ ಕೊನೆಗೆ ಚೆನ್ನೈನ ಜಿ.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಸಾಲಗಾರನಾಗಿರುತ್ತಾನೆ. ಅಷ್ಟರಲ್ಲಿ ಹಳೆಯ ಎಂಜಿನ್ನಿನದೆಂದು ಉಳಿದಿರುವುದು ಬ್ಲಾಕು, ಅದರ ಮೇಲೆ ಕೊರೆದ ನಂಬರು. ಎಂಜಿನ್ ಬದಲಾಯಿಸುವುದು ಬೇಡ ಎಂದು ತೀರ್ಮಾನಿಸಿದವನು ಕಂತುಕಂತಾಗಿ ಅದನ್ನೇ ಮಾಡಿ ಮುಗಿಸಿರುತ್ತಾನೆ.

ಆ ನಂಬರಿಗೆ ಬೆಲೆಯಿಲ್ಲವೆಂದಲ್ಲ. ಬದಲಿ ಎಂಜಿನ್ನಿನ ದಾರಿಯಲ್ಲಿ ಮೊದಲು ಎದುರಾಗುವುದೇ ಅದು. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ಆರ್.ಸಿ. ಪುಸ್ತಕದಲ್ಲಿ ಇದ್ದದ್ದಕ್ಕೂ ಲಾರಿಯಲ್ಲಿ ಇರುವುದಕ್ಕೂ ವ್ಯತ್ಯಾಸ ಬರುವಂತಿಲ್ಲ, ಬದಲಾವಣೆಯನ್ನು ಆರ್.ಟಿ.ಒ. ಕಚೇರಿಗೆ 14 ದಿನದೊಳಗೆ ತಿಳಿಸಿ ದಾಖಲಿಸಬೇಕು. ಹತ್ತಕ್ಕೆ ಕಡಿಮೆಯಿಲ್ಲದಂತೆ ವಾಣಿಜ್ಯ ವಾಹನಗಳಿರುವವನಿಗೆ, ಅದೇ ತಯಾರಿಕೆಯ ಅದೇ ಮಾದರಿಯ ಎಂಜಿನ್ನನ್ನು ಮುಂಚಿತವಾಗಿ ಕೇಳದೆ ಬದಲಾಯಿಸಲು ರಾಜ್ಯ ಸರ್ಕಾರ ಅನುಮತಿ ಕೊಡಬಹುದೆಂದೂ ಅಲ್ಲೇ ಹೇಳಿದೆ. ಒಂದೇ ಲಾರಿ ಇರುವವನು ಕೇಳಿಕೊಂಡೇ ಬದಲಾಯಿಸಬೇಕು. ಹತ್ತು ಲಾರಿಯವನ ಪ್ರಾಮಾಣಿಕತೆಯ ಮೇಲೆ ಕಾನೂನಿಗೆ ಹತ್ತುಪಟ್ಟು ವಿಶ್ವಾಸ ಇದ್ದಂತಿದೆ.

ಬದಲಿ ಎಂಜಿನ್ನಿನಲ್ಲೂ ತರತಮವಿದೆ. ಕಂಪನಿಯೇ ಹೊಸದಾಗಿಸಿ ಗ್ಯಾರಂಟಿಯೊಡನೆ ಕೊಡುವುದು ನೆಮ್ಮದಿಯದು, ದುಬಾರಿಯದು. ಅಗ್ಗದ್ದು ಗುಜರಿಯದು. ಚೆನ್ನೈಗೆ ಪುದುಪೇಟೆ ಹೇಗೋ ಬೆಂಗಳೂರಿಗೆ ಶಿವಾಜಿನಗರ ಹಾಗೆ. ಅಪಘಾತವಾದ, ವಯಸ್ಸು ಮುಗಿದ ಗಾಡಿಗಳ ಅಂಗಾಂಗಗಳು ಅಲ್ಲಿ ಬೇರೆ ಬೇರೆಯಾಗಿ ಮರುಜನ್ಮ ಕಾಯುತ್ತವೆ. ಗುಜರಿ ಎಂಜಿನ್ನೆಲ್ಲ ‘ಒಳ್ಳೇ ರನ್ನಿಂಗ್ ಕಂಡೀಷನ್’ ಎಂದೇ ಮಾರಾಟವಾಗುತ್ತದೆ, ಆದರೆ ನೆಲದ ಮೇಲೆ ಬಿದ್ದಿರುವುದರಿಂದ ಓಡಿಸಿ ತೋರಿಸುವಂತಿಲ್ಲ. ಯಾರದೋ ಸಂಕಟವನ್ನು ತಂದು ತನ್ನ ಸಂಕಟದ ಜಾಗದಲ್ಲಿ ಕೂರಿಸುವ ಈ ವ್ಯವಹಾರಕ್ಕಿಂತ, ಚರಿತ್ರೆ ಗೊತ್ತಿರುವ ಸ್ವಂತ ಎಂಜಿನ್ನನ್ನು ಬೋರ್ ಮಾಡಿಸುವುದೇ ಮೇಲು. ಹೊಸ ತಲೆಮಾರಿನ ಎಂಜಿನ್ನನ್ನು ಹಳೆಯ ಲಾರಿಗೆ ಕೂರಿಸುವ ಆಸೆಯೂ ಕೆಲವರಿಗೆ ಬರುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್. 6 ಎಂಜಿನ್ನುಗಳು ಸೆನ್ಸರು, ವೈರು, ಹೊಗೆ ಶುದ್ಧೀಕರಿಸುವ ಡಬ್ಬಗಳ ಸಂಸಾರದೊಂದಿಗೆ ಬರುತ್ತವೆ. ಹಳೆಯ ಚಾಸಿಯಲ್ಲಿ ಅಷ್ಟು ದೊಡ್ಡ ಕುಟುಂಬಕ್ಕೆ ಜಾಗವಿಲ್ಲ, ಸ್ಪ್ಯಾನರಿನಿಂದ ಕೆಲಸ ಕಲಿತ ಮೆಕ್ಯಾನಿಕ್ಕಿಗೆ ಲ್ಯಾಪ್‌ಟಾಪ್ ಇಲ್ಲ.

ಬಂದರಿನಲ್ಲಿ ಲಾರಿಯ ಎದುರಿಗೇ ನಿಂತ ದೋಣಿಗಳಲ್ಲಿ ಇದೇ ಪ್ರಶ್ನೆಗೆ ಬೇರೆ ಉತ್ತರ ಬರುತ್ತದೆ. ಕಾಸಿಮೇಡಿನಿಂದ ಕಡಲಂಚಿಗೇ ಉತ್ತರಕ್ಕೆ ಹೋದರೆ ಎಣ್ಣೂರು. 1948ರಲ್ಲಿ ಅಶೋಕ್ ಮೋಟಾರ್ಸ್ ಎಂದು ಹುಟ್ಟಿ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆದ ಕಂಪನಿಯ ಕಾರ್ಖಾನೆ ಅಲ್ಲಿದೆ. ಅದರ ಎಂಜಿನ್ನುಗಳು ಲಾರಿಗೂ ಬಂದವು, ಟ್ರಾಲರ್ ದೋಣಿಗೂ ಬಂದವು. ದೋಣಿಯಲ್ಲಿ ರೇಡಿಯೇಟರಿನ ಬದಲು ಸಮುದ್ರದ ನೀರಿನಿಂದ ತಣ್ಣಗಾಗಿಸುವ ವ್ಯವಸ್ಥೆ, ಗೇರುಪೆಟ್ಟಿಗೆಯ ಆಚೆಗೆ ಚಕ್ರಗಳ ಬದಲು ಪ್ರೊಪೆಲ್ಲರು. ಲಾರಿಯ ಎಂಜಿನ್ನಿಗೆ ಇಳಿಜಾರಿನಲ್ಲಿ, ಸಿಗ್ನಲಿನಲ್ಲಿ, ಚೆಕ್‌ಪೋಸ್ಟಿನಲ್ಲಿ ವಿಶ್ರಾಂತಿ ಉಂಟು. ಬಲೆ ಎಳೆಯುವ ದೋಣಿಯ ಎಂಜಿನ್ನಿಗೆ ಗಂಟೆಗಟ್ಟಲೆ ಒಂದೇ ಹೊರೆ. ಕೆಟ್ಟು ನಿಂತ ಲಾರಿಯನ್ನು ತಳ್ಳಲು ಊರಿನ ಜನರಿದ್ದಾರೆ, ದೋಣಿಯಿಂದ ಇಳಿದು ತಳ್ಳುವಂತಿಲ್ಲ. ಹಾಗಾಗಿ ದೋಣಿಯವರು ಸಂಶಯ ಬಂದ ಕೂಡಲೇ ಬದಲಾಯಿಸುತ್ತಾರೆ, ಬದಲಾಯಿಸುವಾಗ ಹೆಚ್ಚು ಅಶ್ವಶಕ್ತಿಯದನ್ನು ತರುವ ಮನಸ್ಸೂ ಅವರಿಗೆ ಬರುತ್ತದೆ. ಅಶ್ವಶಕ್ತಿಗೆ ತಮಿಳುನಾಡಿನ ನಿಯಮಗಳಲ್ಲಿ ಮಿತಿಯಿದೆ. ಭಾರೀ ಚೀನೀ ಎಂಜಿನ್ ಕೂರಿಸಿಕೊಂಡ ದೋಣಿಗಳು ಮೀನನ್ನೆಲ್ಲ ಬಾಚಿಕೊಳ್ಳುತ್ತಿವೆ ಎಂಬ ದೂರು ಬಂದರಿನಲ್ಲಿ ಹಳೆಯದು. ಲಾರಿಯವರ ನಡುವೆ ಈ ಜಗಳವಿಲ್ಲ. ಅವರಿಗೆ ಶೂಳಗಿರಿ ಹತ್ತಿದರೆ ಸಾಕು.

ಕೊನೆಯಲ್ಲಿ ಲೆಕ್ಕ. ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಡುತ್ತಿದ್ದ ಲಾರಿ ಮೂರೂವರೆಗೆ ಇಳಿದಿದೆ ಎಂದುಕೊಂಡರೆ, ಬೆಂಗಳೂರಿನ ಒಂದು ದಾರಿಗೆ ಎಂಬತ್ತೇಳೂವರೆ ಲೀಟರ್ ಸಾಕಿದ್ದಲ್ಲಿ ನೂರು ಲೀಟರ್ ಬೇಕು. ಹೋಗಿಬರಲು ಇಪ್ಪತ್ತೈದು ಲೀಟರ್ ಹೆಚ್ಚು, ಮೇಲೆ ಕುಡಿದ ಆಯಿಲ್. ತಿಂಗಳ ಟ್ರಿಪ್ಪುಗಳಿಂದ ಗುಣಿಸಿದರೆ ಬೋರಿನ ಖರ್ಚು ಎಷ್ಟು ತಿಂಗಳಲ್ಲಿ ಹಿಂದಿರುಗುತ್ತದೆಂದು ಗೊತ್ತಾಗುತ್ತದೆ. ಅಷ್ಟು ತಿಂಗಳು ಲಾರಿಯ ಉಳಿದ ಭಾಗ ಬದುಕಿರುತ್ತದೆಯೇ ಎಂಬುದೇ ಮೀನಿನ ಲಾರಿಯ ವಿಶೇಷ ಪ್ರಶ್ನೆ. ಕರಗಿದ ಐಸಿನ ನೀರು, ಮೀನಿನ ಉಪ್ಪು, ಕಡಲ ಗಾಳಿ ಮೂರೂ ಸೇರಿ ಎಂಜಿನ್ನಿಗಿಂತ ಮೊದಲು ಚಾಸಿಯನ್ನು ತಿನ್ನುತ್ತವೆ. ಎಂಟು ವರ್ಷ ದಾಟಿದ ಲಾರಿ ಪ್ರತಿವರ್ಷ ಎಫ್.ಸಿ.ಗೆ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟಿನ ತಪಾಸಣೆಗೆ, ನಿಲ್ಲಬೇಕು, ಅಲ್ಲಿ ತುಕ್ಕನ್ನು ಬಣ್ಣದಿಂದ ಮುಚ್ಚುವ ಕಲೆಗೂ ಒಂದು ಎಲ್ಲೆಯಿದೆ. ಆದ್ದರಿಂದ ತಿಳಿದ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲು ಲಾರಿಯ ಕೆಳಗೆ ತೂರಿಕೊಂಡು ಚಾಸಿಗೆ ಸುತ್ತಿಗೆಯಿಂದ ಬಡಿಯುತ್ತಾನೆ. ಟಣ್ ಎಂದರೆ ಬೋರ್ ಮಾಡಿಸಬಹುದು. ಬದ್ ಎಂದರೆ ಎಂಜಿನ್ನಿನ ಮಾತೇ ಬೇಡ, ಇಡೀ ಲಾರಿಗೇ ಗಿರಾಕಿ ಹುಡುಕಬೇಕು.

ಬೋರ್ ಆದ ಎಂಜಿನ್ನಿಗೆ ಮೊದಲ ಸಾವಿರ-ಎರಡು ಸಾವಿರ ಕಿಲೋಮೀಟರ್ ಪಥ್ಯವಿದೆ: ಪೂರ್ತಿ ಲೋಡ್ ಹಾಕಬಾರದು, ಗೇರಿನಲ್ಲಿ ಅತಿಯಾಗಿ ಎಳೆಸಬಾರದು, ಹೊತ್ತುಗಟ್ಟಲೆ ನಿಂತಲ್ಲೇ ಚಾಲೂ ಇಡಬಾರದು. ಹೊಸ ರಿಂಗು ಹೊಸ ಲೈನರಿಗೆ ಹೊಂದಿಕೊಳ್ಳುವಾಗ ಉದುರುವ ಲೋಹದ ಪುಡಿ ಆಯಿಲಿಗೆ ಸೇರುವುದರಿಂದ ಆಯಿಲನ್ನೂ ಫಿಲ್ಟರನ್ನೂ ಬೇಗ ಬದಲಾಯಿಸಬೇಕು. ಜೂನ್ 14ರ ನಡುರಾತ್ರಿ ಕಳೆದ ಮೇಲೆ ಕಡಲಿಗೆ ಹೊರಟ ದೊಡ್ಡ ದೋಣಿಗಳು ಮೀನು ತುಂಬಿಕೊಂಡು ಮರಳಲು ಕೆಲವು ದಿನ ಹಿಡಿಯುತ್ತದೆ. ಲಾರಿಯ ಪಥ್ಯಕ್ಕೆ ಸಿಗುವ ಅವಧಿ ಅಷ್ಟೇ, ಆ ದಿನಗಳಲ್ಲಿ ಖಾಲಿ ಕ್ರೇಟು, ಐಸು ಸಾಗಿಸಿ ಕಿಲೋಮೀಟರ್ ಕೂಡಿಸುತ್ತಾರೆ. ಮೊದಲ ಮೀನು ಹರಾಜಾದ ಬೆಳಿಗ್ಗೆ ಮೀಟರಿನಲ್ಲಿ ಎಷ್ಟು ಕಿಲೋಮೀಟರ್ ಆಗಿದೆಯೆಂದು ಯಾರೂ ನೋಡುವುದಿಲ್ಲ; ಫುಲ್ ಲೋಡ್ ಏರುತ್ತದೆ.