ಪ್ಯಾಕೇಜು ರಾಯರು

ಲಿನಕ್ಸ್ ಬಳಸುವವರ ಯಾವ ಕೂಟಕ್ಕೆ ಹೋದರೂ ಅಲ್ಲೊಬ್ಬ ಪ್ಯಾಕೇಜು ರಾಯರು ಸಿಕ್ಕೇ ಸಿಗುತ್ತಾರೆ. ಹೊಸ ತಂತ್ರಾಂಶ ಬಂದಿದೆ ಅಂದರೆ ಮಿಕ್ಕವರೆಲ್ಲ ಅದು ಏನು ಮಾಡುತ್ತದೆ ಎಂದು ಕೇಳುತ್ತಾರೆ. ರಾಯರ ಪ್ರಶ್ನೆ ಒಂದೇ: "ಅದಕ್ಕೆ ಏನೇನು ಬೇಕಂತೆ?" ಯಾರೋ ಬರೆದ ತಂತ್ರಾಂಶವನ್ನು ಡೆಬಿಯನ್ನಿಗೋ ಫೆಡೋರಾಕ್ಕೋ ಒಗ್ಗುವಂತೆ ಕಟ್ಟಿಕೊಡುವುದು ಅವರ ಕಾಯಕ. ಬಹುಮಟ್ಟಿಗೆ ಸಂಬಳವಿಲ್ಲ, ಬೈಗುಳಕ್ಕೆ ಮಾತ್ರ ಬರವಿಲ್ಲ.

ರಾಯರ ಹಳೆಯ ವೈರಿ 'ಎಫ್‌ಎಸ್‌ಈವೆಂಟ್ಸ್'. ಫೈಲು ಬದಲಾದರೆ ಸುದ್ದಿ ಮುಟ್ಟಿಸುವ ಈ ತುಣುಕು ಮ್ಯಾಕ್‌ನಲ್ಲಿ ಮಾತ್ರ ಓಡುತ್ತದೆ. ಲಿನಕ್ಸಿನಲ್ಲಿ ಆ ಕೆಲಸಕ್ಕೆ ಕರ್ನೆಲ್ಲಿನಲ್ಲೇ ಐನೋಟಿಫೈ ಇದೆ. ಆದರೂ ಎಷ್ಟೋ ಜಾವಾಸ್ಕ್ರಿಪ್ಟ್ ತಂತ್ರಾಂಶಗಳಲ್ಲಿ ಎಫ್‌ಎಸ್‌ಈವೆಂಟ್ಸ್ 'ಇದ್ದರೆ ಇರಲಿ' ಎಂಬ ಪಟ್ಟಿಯಲ್ಲಿ ಕೂತಿರುತ್ತದೆ. 'ಇದು ನಿಮ್ಮ ಯಂತ್ರಕ್ಕಲ್ಲ, ಬಿಟ್ಟು ಮುಂದೆ ಹೋಗುತ್ತೇನೆ' ಎಂದು ಆ ತಂತ್ರಾಂಶಗಳನ್ನು ತಂದು ಹಾಕುವ ಎನ್‌ಪಿಎಂ ವರ್ಷಗಟ್ಟಲೆ ಪರದೆಯ ಮೇಲೆ ಸಾರುತ್ತಿತ್ತು. ಅದನ್ನು ಯಾರೂ ಓದುತ್ತಿರಲಿಲ್ಲ. ರಾಯರು ಓದುತ್ತಿದ್ದರು, ಓದಿದಾಗಲೆಲ್ಲ ಬಿಪಿ ಏರಿಸಿಕೊಳ್ಳುತ್ತಿದ್ದರು.

ರಸ್ಟ್ ಭಾಷೆ ಬಂದ ಮೇಲೆ ಗುಳಿಗೆ ಜಾಸ್ತಿಯಾಯಿತು. ಅದರ ಕಾರ್ಗೋ ಲಾಕ್ ಫೈಲಿನಲ್ಲಿ ಎಲ್ಲ ಆಪರೇಟಿಂಗ್ ಸಿಸ್ಟಂಗಳಿಗೆ ಬೇಕಾದದ್ದೂ ಒಟ್ಟಿಗೇ ಇರುತ್ತದೆ, ವಿಂಡೋಸಿನದೂ ಸೇರಿ. ಡೆಬಿಯನ್ನಿನಲ್ಲಿ ಪ್ಯಾಕೇಜು ಕಟ್ಟುವಾಗ ಇಂಟರ್ನೆಟ್ಟಿನಿಂದ ಏನನ್ನೂ ಎಳೆದುಕೊಳ್ಳುವಂತಿಲ್ಲ. ಹಾಗಾಗಿ ವಿಂಡೋಸಿನ ಸಾಲುಗಳನ್ನು ಕಿತ್ತುಹಾಕಲು ರಾಯರು ಒಂದು ಪ್ಯಾಚ್ ಬರೆಯುತ್ತಾರೆ. ಮುಂದಿನ ಆವೃತ್ತಿಗೆ ಅದು ಕೂರುವುದಿಲ್ಲ. ಮತ್ತೆ ಬರೆಯುತ್ತಾರೆ. ಮೂಲ ಲೇಖಕನಿಗೆ ದೂರು ಕೊಟ್ಟರೆ, "ನನ್ನ ಮ್ಯಾಕ್‌ನಲ್ಲಿ ಚೆನ್ನಾಗೇ ಓಡ್ತಿದೆಯಲ್ಲ ಸಾರ್" ಎಂಬ ಉತ್ತರ ಬರುತ್ತದೆ.

ಇದಕ್ಕಿಂತ ಕೆಟ್ಟದ್ದು, ಬೇಕು ಬೇಡ ಯಾವುದನ್ನೂ ಬಾಯಿಬಿಟ್ಟು ಹೇಳದ ತಂತ್ರಾಂಶ. ಕಟ್ಟುವ ಯಂತ್ರದಲ್ಲಿ ಲೈಬ್ರರಿ ಇದ್ದರೆ ಕದ್ದುಮುಚ್ಚಿ ಸೇರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ತೆಪ್ಪಗಿರುತ್ತದೆ. ಜೆಂಟೂ ಬಳಗದವರು ಈ ಚಾಳಿಗೆ 'ಆಟೋಮ್ಯಾಜಿಕ್' ಎಂದು ಹೆಸರಿಟ್ಟಿದ್ದಾರೆ. ರಾಯರ ಲ್ಯಾಪ್‌ಟಾಪಿನಲ್ಲಿ ಕಟ್ಟಿದ್ದಕ್ಕೂ ಸರ್ವರಿನಲ್ಲಿ ಕಟ್ಟಿದ್ದಕ್ಕೂ ತಾಳೆಯಾಗುವುದಿಲ್ಲ. ಇಂಥ ದಿನ ರಾಯರನ್ನು ಮಾತಾಡಿಸಬಾರದು.

ಮನೆಯಲ್ಲೂ ಅವರದು ಡೆಬಿಯನ್ ಭಾಷೆಯೇ. ಅನ್ನ, ಸಾರು 'ಡಿಪೆಂಡ್ಸ್'. ತುಪ್ಪ 'ರೆಕಮೆಂಡ್ಸ್'. ಹಪ್ಪಳ 'ಸಜೆಸ್ಟ್ಸ್'. ಡಾಕ್ಟರು ಕೊಲೆಸ್ಟರಾಲ್ ಅಂದ ದಿನ ರಾಯರು ತುಪ್ಪದ ಗಿಂಡಿಯನ್ನು ಆಚೆ ಸರಿಸಿದರು. ಇಷ್ಟು ವರ್ಷ ಕೇಳಿ ಕೇಳಿ ಎಲ್ಲ ಬಾಯಿಪಾಠವಾಗಿದ್ದ ಅವರ ಹೆಂಡತಿ ಬಿಡಲಿಲ್ಲ. "ಏನ್ರೀ, 2009ರ ಲೆನ್ನಿ ಆವೃತ್ತಿಯಿಂದ ರೆಕಮೆಂಡ್ಸ್ ಕೇಳದೇನೇ ಬರುತ್ತೆ ಅಂತ ನೀವೇ ಹೇಳಿರಲಿಲ್ವಾ?" ಎಂದು ಒಂದು ಚಮಚ ಬಡಿಸಿಯೇ ಬಿಟ್ಟರು.

ವಾದದಲ್ಲಿ ಸೋಲುವ ಹೊತ್ತಿಗೆ ರಾಯರು ತೆಗೆಯುವ ಬ್ರಹ್ಮಾಸ್ತ್ರವೊಂದಿದೆ. 2024ರ ಮಾರ್ಚ್‌ನಲ್ಲಿ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಕೆದಕಿದರು. ಫೈಲು ಕುಗ್ಗಿಸುವ ಎಕ್ಸ್‌ಜೆಡ್‌ನ 5.6.0, 5.6.1 ಆವೃತ್ತಿಗಳಲ್ಲಿ ಯಾರೋ ಹಿಂಬಾಗಿಲು ಕೊರೆದಿದ್ದು ಬಯಲಾಯಿತು. ಮೂಲ ಓಪನ್‌ಎಸ್‌ಎಸ್‌ಎಚ್‌ಗೆ ಎಕ್ಸ್‌ಜೆಡ್ ಬೇಕೇ ಇಲ್ಲ. ಸಿಸ್ಟಂ-ಡಿಗೆ 'ನಾನು ತಯಾರು' ಎಂದು ಹೇಳುವ ಅನುಕೂಲಕ್ಕಾಗಿ ಕೆಲವು ಲಿನಕ್ಸ್‌ಗಳಲ್ಲಿ ಒಂದು ಪ್ಯಾಚ್ ಮೂಲಕ ಲಿಬ್‌ಸಿಸ್ಟಂ-ಡಿ ಸೇರಿತ್ತು. ಅದರ ಹಿಂದೆಯೇ ಎಕ್ಸ್‌ಜೆಡ್ ಕೂಡ ಬಂದಿತ್ತು. "ನೋಡಿದ್ರಾ? ಬೇಡದ್ದನ್ನ ಸೇರಿಸಿದ್ರೆ ಹೀಗೇ ಆಗೋದು!" ಎಂದು ರಾಯರು ಮೇಜು ಗುದ್ದುತ್ತಾರೆ.

"ಆ ಪ್ಯಾಚ್ ಸೇರಿಸಿದ್ದು ಓಪನ್‌ಎಸ್‌ಎಸ್‌ಎಚ್‌ನವರಲ್ಲವಂತಲ್ಲ, ನಿಮ್ಮ ಪ್ಯಾಕೇಜು ಮಂದಿಯೇ ಅಂತೆ?" ಎಂದು ಯಾರಾದರೂ ಕೇಳಿದರೆ ಮಾತ್ರ, ಕಾಫಿ ಆರಿಹೋಯಿತು ಎನ್ನುತ್ತಾ ರಾಯರು ಎದ್ದುಬಿಡುತ್ತಾರೆ.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಡೆಬಿಯನ್ನಿನಲ್ಲೋ ಉಬುಂಟುವಿನಲ್ಲೋ ಹೊಸದೇನನ್ನಾದರೂ ಹಾಕಿಕೊಳ್ಳುವಾಗ, ಮುಂದುವರಿಯಲೇ ಎಂದು ಅದು ಕೇಳುವ ಮುಂಚೆ 'ಸಜೆಸ್ಟೆಡ್ ಪ್ಯಾಕೇಜಸ್' ಎಂದೊಂದು ಪಟ್ಟಿ ತೋರಿಸುತ್ತದೆ. ಎಂಟರ್ ಕುಟ್ಟುವ ಮೊದಲು ಅದರ ಮೇಲೊಮ್ಮೆ ಕಣ್ಣಾಡಿಸಿ. ಒಂದೊಂದು ಹೆಸರನ್ನೂ ಅಲ್ಲಿಡಲೋ ಬೇಡವೋ ಎಂದು ಯಾರೋ ಒಬ್ಬ ರಾಯರು ರಾತ್ರಿಯೆಲ್ಲ ಜಗಳವಾಡಿರುತ್ತಾರೆ.